ಯೂರೇಲ್ ಪಾಸ್ ಇದ್ದರೆ ಆಮ್‌ಸ್ಟರ್‌ಡ್ಯಾಮಿನಿಂದ ಬಾರ್ಸಿಲೋನಾಗೆ ಹತ್ತಿ ಕೂರಬಹುದಾ?

ಪ್ರಶ್ನೆ: "ಸರ್, ಜೂನ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ನಾವಿರೋದು ಆಮ್‌ಸ್ಟೆಲ್‌ವೀನ್‌ನಲ್ಲಿ. ಅವರನ್ನ ಕರ್ಕೊಂಡು ರೈಲಲ್ಲೇ ಬಾರ್ಸಿಲೋನಾಗೆ ಹೋಗೋಣ ಅಂತ. ನಾಲ್ಕು ಜನಕ್ಕೂ ಯೂರೇಲ್ ಪಾಸ್ ತಗೊಂಡ್ರೆ ಯಾವ ಟ್ರೇನ್ ಬೇಕಾದ್ರೂ ಹತ್ತಬಹುದಂತಲ್ಲ, ಹೌದಾ?"

ಇಲ್ಲ.

ಇಷ್ಟಕ್ಕೇ ನಿಲ್ಲಿಸಿಬಿಡೋಣ ಅನ್ನಿಸಿತ್ತು. ವೀಸಾ ಕೈಗೆ ಬರುವ ಕಾಲಕ್ಕೆ ಈ ಪ್ರಶ್ನೆಯೂ ಬರುತ್ತದೆ, ಪ್ರತಿ ವರ್ಷ. ಊರುಗಳು ಮಾತ್ರ ಬೇರೆ: ಒಬ್ಬರಿಗೆ ಪ್ಯಾರಿಸ್–ರೋಮ್, ಇನ್ನೊಬ್ಬರಿಗೆ ಮ್ಯೂನಿಕ್–ವೆನಿಸ್. ಪಾಸಿನ ಮೇಲಿನ ಭಕ್ತಿ ಎಲ್ಲರಲ್ಲೂ ಒಂದೇ. ಆದ್ದರಿಂದ ಈ ಸಲ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ದಾರಿಯಲ್ಲಿ ಅಂಥ ಕಷ್ಟವೇನಿಲ್ಲ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಯೂರೋಸ್ಟಾರ್ ಹಿಡಿದರೆ ಮೂರೂವರೆ ಗಂಟೆಯೊಳಗೆ ಪ್ಯಾರಿಸ್ಸಿನ ಗಾರ್ ದು ನಾರ್. ಅಲ್ಲಿಂದ ಊರೊಳಗೇ ಗಾರ್ ದ ಲಿಯೋನ್ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿ ಫ್ರಾನ್ಸಿನ ಅತಿವೇಗದ ರೈಲು ಟಿಜಿವಿ ಹತ್ತಿದರೆ ಏಳು ಗಂಟೆಯ ಆಸುಪಾಸಿನಲ್ಲಿ ಬಾರ್ಸಿಲೋನಾ ಸಾಂಟ್ಸ್. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದ ಟಿಜಿವಿ ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಸ್ಪೇನ್. ಅಲ್ಲಿ ರಾತ್ರಿ ಊಟ ತಡವಾಗಿಯೇ ಮಾಡುವುದರಿಂದ ಹೋಟೆಲು ಮುಚ್ಚಿರುತ್ತದೆಂಬ ಭಯ ಬೇಡ. ಒಂದು ಮಾತು: ಯೂರೋಸ್ಟಾರ್ ಅಂದ ಕೂಡಲೇ "ಲಂಡನ್ ವೀಸಾ ಬೇಕಾ?" ಎಂದು ಗಾಬರಿಯಾಗಬೇಡಿ. ಮೊದಲು ಥಾಲಿಸ್ ಎಂಬ ಕೆಂಪು ರೈಲಿತ್ತಲ್ಲ, ಅದೇ 2023ರಿಂದ ಯೂರೋಸ್ಟಾರ್ ಹೆಸರಲ್ಲಿ ಓಡುತ್ತಿದೆ. ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್, ಸ್ಪೇನ್ ನಾಲ್ಕೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳೇ. ಆದರೂ ಪಾಸ್‌ಪೋರ್ಟು ಕೈಗೆ ಸಿಗುವಲ್ಲಿರಲಿ, ಸ್ಪೇನ್ ಗಡಿಯ ಹತ್ತಿರ ಪೊಲೀಸರು ಹತ್ತಿ ನೋಡುವುದುಂಟು.

ಇನ್ನು ಪಾಸಿನ ವಿಷಯ.

ಒಂದೇ ಪಾಸಿನಲ್ಲಿ ಯುರೋಪಿನ ಹಲವು ದೇಶಗಳ ರೈಲು ಹತ್ತಲು ಬಿಡುವ ಈ ಯೂರೇಲ್ ಪಾಸ್ ಶುರುವಾಗಿದ್ದು 1959ರಲ್ಲಿ, ಯುರೋಪಿನ ಹೊರಗಿನವರು ಬಂದು ಊರೂರು ಸುತ್ತಲಿ ಎಂದು. ಆಗ ಹೆಚ್ಚಿನ ರೈಲುಗಳಿಗೆ ಸೀಟು ಕಾದಿರಿಸುವ ಕಡ್ಡಾಯವೇ ಇರಲಿಲ್ಲ, ಪಾಸ್ ತೋರಿಸಿ ಹತ್ತಿ ಕೂತರಾಯಿತು. ನಿಮ್ಮ ಚಿಕ್ಕಪ್ಪನೋ ಕಂಪನಿಯ ಹಳೇ ಬಾಸೋ "ಪಾಸ್ ಒಂದಿದ್ರೆ ರಾಜನ ಹಾಗೆ ಓಡಾಡಬಹುದು" ಎಂದಿದ್ದರೆ ಅವರು ಸುಳ್ಳು ಹೇಳಿಲ್ಲ, ಆ ಕಾಲದ ನಿಜ ಹೇಳಿದ್ದಾರೆ. ಆಮೇಲೆ ಅತಿವೇಗದ ರೈಲುಗಳು ಬಂದವು. ಫ್ರಾನ್ಸಿನ ಟಿಜಿವಿ, ಸ್ಪೇನಿನ ಆವೆ, ಇಟಲಿಯ ಫ್ರೆಚ್ಚಾರೋಸ್ಸಾ, ಈ ಯೂರೋಸ್ಟಾರ್ ಎಲ್ಲಕ್ಕೂ ಸೀಟು ರಿಸರ್ವೇಶನ್ ಕಡ್ಡಾಯ. ಪಾಸಿನಲ್ಲಿ ಇರುವುದು ಪ್ರಯಾಣದ ಹಕ್ಕು ಮಾತ್ರ, ಸೀಟಿಗೆ ಬೇರೆ ದುಡ್ಡು ಕಟ್ಟಬೇಕು. ಕಟ್ಟದೆ ಹತ್ತಿದರೆ ನಮ್ಮ ಕಡೆ ವಿದ್ಯಾರ್ಥಿ ಪಾಸ್ ಹಿಡಿದು ರಾಜಹಂಸ ಹತ್ತಿದ ಹಾಗೆ. ಕಂಡಕ್ಟರ್ ಏನನ್ನುತ್ತಾನೆ ಎಂದು ನಿಮಗೇ ಗೊತ್ತು.

"ಸರಿ ಬಿಡಿ, ಸ್ವಲ್ಪ ದುಡ್ಡು ಕಟ್ಟಿದರಾಯ್ತು" ಎನ್ನುವವರಿಗೆ ಎರಡನೇ ಸುದ್ದಿ. ಟಿಜಿವಿಯಲ್ಲೂ ಯೂರೋಸ್ಟಾರ್‌ನಲ್ಲೂ ಪಾಸಿನವರಿಗೆಂದು ಒಂದಷ್ಟೇ ಸೀಟು ಎತ್ತಿಟ್ಟಿರುತ್ತಾರೆ, ನಮ್ಮಲ್ಲಿ ಕೋಟಾ ಅನ್ನುತ್ತೇವಲ್ಲ, ಹಾಗೆ. ಅದು ಮುಗಿದರೆ ಮುಗಿಯಿತು. ಅದೇ ಬೋಗಿಯಲ್ಲಿ ಇಪ್ಪತ್ತು ಸೀಟು ಖಾಲಿ ಇದ್ದರೂ ಪಾಸಿನವರಿಗೆ ಇಲ್ಲ, ಪೂರ್ತಿ ಬೆಲೆಯ ಟಿಕೆಟ್ ಕೊಳ್ಳಿ. ನನ್ನ ಸ್ನೇಹಿತನ ಅತ್ತೆ ಮಾವನಿಗೆ ಆದದ್ದು ಇದೇ. ಬೆಂಗಳೂರಿನ ಒಬ್ಬ ಏಜೆಂಟ್ ಪಾಸ್ ಮಾರಿ "ಎಲ್ಲಾ ಫ್ರೀ ಆಂಟಿ" ಎಂದು ಕಳಿಸಿದ್ದ. ಅವರು ಹೊರಡುವ ಹಿಂದಿನ ಸಂಜೆ ನನಗೆ ಫೋನ್ ಮಾಡಿದರು. ಟಿಕೆಟ್ ಪುಟ ತೆರೆದು ನೋಡಿದೆ. ಪಾಸ್ ದರದ ಸೀಟು ಇಡೀ ವಾರಕ್ಕೆ ಇಲ್ಲ, ಮಾಮೂಲಿ ಟಿಕೆಟ್ ಬೇಕಾದಷ್ಟಿದೆ. ಪಾಸಿಗೂ ಕೊಟ್ಟು ಟಿಕೆಟ್ಟಿಗೂ ಕೊಟ್ಟು ಹೋದರು. ಆ ಆಂಟಿ ಇವತ್ತಿಗೂ ನನ್ನನ್ನು ಕಂಡರೆ ಮೊದಲು ಕೇಳುವುದು ಆ ಪಾಸಿನ ದುಡ್ಡು ವಾಪಸ್ ಬರುತ್ತದಾ ಎಂದು.

ಲೆಕ್ಕ ಹಾಕಿಯೇ ನೋಡೋಣ. ನಾಲ್ಕೈದು ದಿನದ ಸಣ್ಣ ಪಾಸ್‌ನಲ್ಲಿ ಒಂದು ದಿನಕ್ಕೆ ತಲೆಗೆ 60–70 ಯೂರೋ ಬೀಳುತ್ತದೆ. ಅದರ ಮೇಲೆ ಯೂರೋಸ್ಟಾರ್ ಮತ್ತು ಟಿಜಿವಿ ಎರಡರ ಸೀಟಿನ ಶುಲ್ಕ ಸೇರಿ ಇನ್ನೊಂದು 60ರ ಆಸುಪಾಸು. ಅಂದರೆ 120 ದಾಟಿತು. ಇದೇ ಎರಡು ರೈಲಿಗೆ ತಿಂಗಳುಗಟ್ಟಲೆ ಮೊದಲೇ ಮಾಮೂಲಿ ಟಿಕೆಟ್ ಕೊಂಡರೆ, ನಾನು ಕಂಡ ಮಟ್ಟಿಗೆ, 100ರ ಹತ್ತಿರ ಮುಗಿಸಬಹುದು. ಪಾಸಿನಲ್ಲಿ ಉಳಿದ ದಿನಗಳನ್ನು ಏನು ಮಾಡುತ್ತೀರಿ? ಬಾರ್ಸಿಲೋನಾದಲ್ಲಿ ನಾಲ್ಕು ದಿನ ಓಡಾಡುವುದು ಮೆಟ್ರೋದಲ್ಲಿ, ಅಲ್ಲಿ ಈ ಪಾಸ್ ನಡೆಯುವುದೇ ಇಲ್ಲ.

ಇನ್ನೊಂದು ಗಂಟು ಇದೆ, ಇದನ್ನು ಏಜೆಂಟರು ಹೇಳುವುದಿಲ್ಲ. ನಾಲ್ಕು ಜನಕ್ಕೂ ಯೂರೇಲ್ ಎಂದಿರಲ್ಲ, ನಿಮಗೆ ಯೂರೇಲ್ ಸಿಗುವುದೇ ಇಲ್ಲ. ಅದು ಯುರೋಪಿನ ಹೊರಗೆ ವಾಸ ಇರುವವರಿಗೆ. ನಿಮ್ಮ ತಂದೆ ತಾಯಿಗೆ ಯೂರೇಲ್, ನೆದರ್ಲೆಂಡ್ಸ್‌ನಲ್ಲಿ ಮನೆ ಮಾಡಿಕೊಂಡಿರುವ ನಿಮಗೂ ನಿಮ್ಮವರಿಗೂ ಇಂಟರ್‌ರೇಲ್ ಎಂಬ ಬೇರೆ ಪಾಸ್. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಅಲ್ಲ, ವಾಸ ಎಲ್ಲಿ ಎಂದು ನೋಡುತ್ತಾರೆ. ಇಂಟರ್‌ರೇಲ್‌ನಲ್ಲಿ ನೀವಿರುವ ದೇಶದೊಳಗೆ ಹೋಗಲು ಒಂದು ದಿನ, ಬರಲು ಒಂದು ದಿನ, ಅಷ್ಟೇ. ಒಂದೇ ಮನೆಯ ನಾಲ್ಕು ಜನ, ಎರಡು ಬಗೆಯ ಪಾಸು, ಎರಡು ಬಗೆಯ ನಿಯಮ.

ಹಾಗಾದರೆ ಪಾಸ್ ಪೂರ್ತಿ ದಂಡವಾ? ಅಲ್ಲ, ಹಾಗೆಂದು ನಾನು ಹೇಳಿಯೇ ಇಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬಹುತೇಕ ಹಗಲಿನ ರೈಲುಗಳಿಗೆ ರಿಸರ್ವೇಶನ್ ಕಡ್ಡಾಯವಿಲ್ಲ. ಅಲ್ಲಿ ದಿನಕ್ಕೊಂದು ಊರು ಎಂದು ಹತ್ತು ದಿನ ಸುತ್ತುವವರಿಗೆ, ಬೆಳಗ್ಗೆ ಎದ್ದ ಮೇಲೆ ಎಲ್ಲಿಗೆ ಹೋಗೋಣ ಎಂದು ಯೋಚಿಸುವವರಿಗೆ ಪಾಸ್ ಬಂಗಾರ. ಅರವತ್ತು ದಾಟಿದವರಿಗೆ ಶೇ 10 ರಿಯಾಯಿತಿ ಇದೆ, 11 ವರ್ಷದವರೆಗಿನ ಇಬ್ಬರು ಮಕ್ಕಳಿಗೆ ದೊಡ್ಡವರೊಬ್ಬರ ಜೊತೆ ದುಡ್ಡಿಲ್ಲ. ಆದರೆ ನೀವು ಕೇಳಿದ್ದು ಆಮ್‌ಸ್ಟರ್‌ಡ್ಯಾಮ್–ಬಾರ್ಸಿಲೋನಾ. ಪಾಸಿಗೆ ಇದಕ್ಕಿಂತ ಹೊಂದದ ದಾರಿಯನ್ನು ಹುಡುಕಿದರೂ ಸಿಗುವುದು ಕಷ್ಟ.

ಅಂದಮೇಲೆ ಮಾಮೂಲಿ ಟಿಕೆಟ್ಟೇ ಕೊಳ್ಳಿ. ಇಲ್ಲಿ ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಚಾರ್ಟ್ ಎಂಬುದಿಲ್ಲ. ನಮ್ಮ ರೈಲ್ವೆಯಂತೆ ಸರಿಯಾಗಿ 60 ದಿನ ಮುಂಚೆ ಎಲ್ಲಾ ರೈಲಿಗೂ ಬಾಗಿಲು ತೆರೆಯುವ ಪದ್ಧತಿಯೂ ಇಲ್ಲ. ಪ್ರತಿ ಕಂಪನಿಯದು ಅದರದೇ ಲೆಕ್ಕ. ಟಿಜಿವಿಯಲ್ಲಿ ಇಂತಿಂಥ ತಿಂಗಳ ಟಿಕೆಟ್ ಇಂಥ ದಿನ ಎಂದು ಕಂತುಕಂತಾಗಿ ಬಿಡುತ್ತಾರೆ. ಬಿಟ್ಟ ದಿನ ಬೆಲೆ ಕಡಿಮೆ, ಆಮೇಲೆ ವಿಮಾನದ ಟಿಕೆಟ್ಟಿನ ಹಾಗೆ ಏರುತ್ತಾ ಹೋಗುತ್ತದೆ. ಅಪ್ಪ ಅಮ್ಮ ಭಾರತದ ಕಾರ್ಡಿನಿಂದ ಕೊಳ್ಳುವುದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಸಿ. ಅದು ಮೊದಲೇ ಆನ್ ಆಗಿ ಬರುವುದಿಲ್ಲ. ಒಟಿಪಿ ಬರುವ ಸಿಮ್ ಊರಲ್ಲಿ ಮಗಳ ಫೋನಿನಲ್ಲಿದೆ ಎಂದು ಟಿಕೆಟ್ ಕೈತಪ್ಪಿಸಿಕೊಂಡವರನ್ನು ಕಂಡಿದ್ದೇನೆ.

ಪ್ಯಾರಿಸ್ಸಿನಲ್ಲಿ ನಿಲ್ದಾಣ ಬದಲಿಸುವುದನ್ನು ಮಾತ್ರ ಗಮನವಿಟ್ಟು ಓದಿ. ಪ್ಯಾರಿಸ್ಸಿಗೆ ನಮ್ಮ ಮೆಜೆಸ್ಟಿಕ್‌ನಂತೆ ಎಲ್ಲವೂ ಬಂದು ಸೇರುವ ಒಂದು ನಿಲ್ದಾಣ ಇಲ್ಲ. ಗಾರ್ ದು ನಾರ್‌ನಲ್ಲಿ ಇಳಿದ ಮೇಲೆ ಎಸ್ಕಲೇಟರ್‌ನಲ್ಲಿ ಕೆಳಗೆ ಹೋಗಿ ಆರ್‌ಇಆರ್ ಡಿ ಎಂಬ ಲೋಕಲ್ ರೈಲು ಹುಡುಕಿ. ಮುಂದಿನ ನಿಲ್ದಾಣ ಶಾತ್ಲೇ, ಅದರ ಮುಂದಿನದೇ ಗಾರ್ ದ ಲಿಯೋನ್. ಎರಡೇ ಸ್ಟಾಪು. ಆದರೆ ಅದೇ ಜಾಗದಿಂದ ಆರ್‌ಇಆರ್ ಬಿ ಕೂಡ ಹೊರಡುತ್ತದೆ, ಅದು ಶಾತ್ಲೇ ದಾಟಿದ ಮೇಲೆ ಬೇರೆ ಕಡೆ ತಿರುಗುತ್ತದೆ. ಮೊದಲ ಸಲ ಯಾವುದೆಂದು ನೋಡದೆ ಎದುರಿಗೆ ಬಂದ ಗಾಡಿ ಹತ್ತಿದ ನಾನು, ಎರಡು ಸೂಟ್‌ಕೇಸು ಮತ್ತು ಒಬ್ಬ ಮುನಿಸಿಕೊಂಡ ಹೆಂಡತಿಯ ಜೊತೆ ಸೇನ್ ನದಿಯ ಆಚೆ ಇಳಿದೆ. ಹತ್ತುವ ಮುಂಚೆ ಬೋರ್ಡಿನ ಮೇಲಿನ ಅಕ್ಷರ ನೋಡಿ. ಟಿಕೆಟ್ 2025ರಲ್ಲಿ ತಲೆಗೆ 2.50 ಯೂರೋ ಇತ್ತು.

ಗಾರ್ ದ ಲಿಯೋನ್‌ನಲ್ಲಿ ಒಂದಷ್ಟು ಪ್ಲಾಟ್‌ಫಾರಂಗಳಿಗೆ ಅಕ್ಷರ, ಇನ್ನಷ್ಟಕ್ಕೆ ಅಂಕಿ. ಅವು ಬೇರೆ ಬೇರೆ ಹಾಲ್‌ಗಳಲ್ಲಿವೆ. ನಿಮ್ಮದು ಯಾವುದು ಎಂದು ಹೊರಡುವ ಇಪ್ಪತ್ತು ನಿಮಿಷದ ಮುಂಚೆ ಬೋರ್ಡಿನಲ್ಲಿ ಬರುತ್ತದೆ, ಆ ಕ್ಷಣ ಇಡೀ ಜನ ಒಟ್ಟಿಗೆ ಎದ್ದು ನಡೆಯುತ್ತದೆ. ಬಾಗಿಲು ಹೊರಡುವುದಕ್ಕೆ ಎರಡು ನಿಮಿಷ ಮುಂಚೆಯೇ ಮುಚ್ಚುತ್ತದೆ. ಓಡುತ್ತಿರುವ ಗಾಡಿ ಹತ್ತಿ ಅಭ್ಯಾಸ ಇರುವ ನಿಮ್ಮ ತಂದೆಗೆ ಇದನ್ನು ಎರಡು ಸಲ ಹೇಳಿ. ಎರಡು ರೈಲಿನ ನಡುವೆ ಎರಡು ಗಂಟೆಯಾದರೂ ಬಿಡಿ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕಾನೂನು ನಿಮ್ಮ ಪರ ಗಟ್ಟಿಯಾಗಿ ನಿಲ್ಲುವುದಿಲ್ಲ. ತಡವಾದ ಆ ಒಂದು ರೈಲಿನ ಪರಿಹಾರವೇನೋ ಕೇಳಬಹುದು, ಒಂದು ಗಂಟೆ ದಾಟಿದರೆ ಟಿಕೆಟ್ ಬೆಲೆಯ ಶೇ 25, ಎರಡು ಗಂಟೆ ದಾಟಿದರೆ ಶೇ 50.

ಲಗೇಜು: ಟಿಜಿವಿಯಲ್ಲಿ ತಲೆಗೆ ಎರಡು ದೊಡ್ಡದು, ಒಂದು ಚಿಕ್ಕ ಕೈಚೀಲ, ಎಲ್ಲದರ ಮೇಲೂ ಹೆಸರಿನ ಚೀಟಿ. ಊಟ ಕಟ್ಟಿಕೊಂಡು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಚಪಾತಿ ಚಟ್ನಿಪುಡಿ ಸರಿ, ಒಗ್ಗರಣೆ ಘಮಘಮಿಸುವುದು ಬೇಡ.

ಸೀಟು ಆರಿಸುವಾಗ ಮೇಲಿನ ಅಂತಸ್ತು ಕೇಳಿ, ಸಾಧ್ಯವಾದರೆ ಹೋಗುವ ದಿಕ್ಕಿಗೆ ಎಡಗಡೆ ಕಿಟಕಿ. ನೀಮ್‌ವರೆಗೆ 300 ಕಿ.ಮೀ. ವೇಗದಲ್ಲಿ ಹಾರಿದ ರೈಲು ಮೋಂಪೆಲಿಯೆ ದಾಟಿದ ಮೇಲೆ ಸುಮ್ಮನೆ ಸಾಗುತ್ತದೆ. ಕೆಟ್ಟಿಲ್ಲ, ಅಲ್ಲಿಂದ ಪರ್ಪಿನ್ಯಾವರೆಗೆ ಅತಿವೇಗದ ಹಳಿಯನ್ನು ಇನ್ನೂ ಹಾಕಿಲ್ಲ, ಅದಕ್ಕೆ. ನಿಧಾನವೇ ಒಳ್ಳೆಯದಾಯಿತು. ಸೇಟ್ ಕಳೆದ ಮೇಲೆ ಎಡಕ್ಕೆ ಮೆಡಿಟರೇನಿಯನ್ ಸಮುದ್ರ. ನಾರ್ಬೊನ್ ಆದ ಮೇಲೆ ಹಿನ್ನೀರಿನ ನಡುವೆ ಕಟ್ಟಿದ ಏರಿಯ ಮೇಲೆ ರೈಲು ಹೋಗುತ್ತದೆ, ಎರಡೂ ಕಡೆ ನೀರು, ಅದೃಷ್ಟವಿದ್ದರೆ ಗುಲಾಬಿ ಬಣ್ಣದ ರಾಜಹಂಸಗಳು. ಈ ರಾಜಹಂಸಕ್ಕೆ ಪಾಸ್ ಬೇಕಿಲ್ಲ.

ಪರ್ಪಿನ್ಯಾ ಆದ ಮೇಲೆ ಎಂಟು ಕಿಲೋಮೀಟರಿನ ಒಂದು ಸುರಂಗ. ಆಚೆ ಬಂದರೆ ಸ್ಪೇನ್. ಇದರಲ್ಲೇನು ವಿಶೇಷ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ರೈಲು ನಡುವೆ ಇಳಿಸದೆ ನೇರ ಬಾರ್ಸಿಲೋನಾಗೆ ಹೋಗತೊಡಗಿದ್ದು 2013ರ ಡಿಸೆಂಬರಿನಲ್ಲಿ. ಅಷ್ಟು ತಡವಾಗಲು ಕಾರಣ, ಹಳಿಯ ಅಗಲ. ಫ್ರಾನ್ಸಿನದು 1435 ಮಿ.ಮೀ. ಸ್ಪೇನಿನ ಹಳೇ ಹಳಿಗಳು 1668 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676. ನೋಡಿ, ಸ್ಪೇನ್ ಅದರ ನೆರೆಯ ಫ್ರಾನ್ಸಿಗಿಂತ ಅರಸೀಕೆರೆಗೇ ಹತ್ತಿರ, ಎಂಟೇ ಮಿಲಿಮೀಟರ್ ವ್ಯತ್ಯಾಸ! ನೆಪೋಲಿಯನ್ ಮತ್ತೆ ನುಗ್ಗದಿರಲಿ ಎಂದು ಬೇಕೆಂದೇ ಅಗಲ ಮಾಡಿದರು ಎಂಬ ಕಥೆಯನ್ನು ಗೈಡ್‌ಗಳು ಹೇಳುತ್ತಾರೆ, ನಂಬಬೇಡಿ. 1844ರ ಎಂಜಿನಿಯರುಗಳ ವರದಿಯಲ್ಲಿರುವುದು ಬಾಯ್ಲರ್ ಲೆಕ್ಕ: ಗುಡ್ಡಗಾಡಿನ ದೇಶ, ದೊಡ್ಡ ಬಾಯ್ಲರ್ ಇರುವ ಬಲವಾದ ಎಂಜಿನ್ ಬೇಕು, ಅದಕ್ಕೆ ಅಗಲ ಹಳಿ ಬೇಕು ಎಂದು. ಆಮೇಲೆ 1992ರಲ್ಲಿ ಶುರುವಾದ ಮ್ಯಾಡ್ರಿಡ್–ಸೆವಿಲ್ಲೆ ಅತಿವೇಗದ ಮಾರ್ಗ ಹಾಕುವಾಗ ಸ್ಪೇನ್ 1435ಕ್ಕೆ ಬಂತು. ನಿಮ್ಮ ಟಿಜಿವಿ ಹೋಗುವುದು ಆ ಬಗೆಯ ಹಳಿಯ ಮೇಲೆ.

ಹುಬ್ಬಳ್ಳಿ ಕಡೆಯ ಹಿರಿಯರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ. ಮುಂಬೈಗೆ ಹೋಗಲು ಮೀರಜ್‌ನಲ್ಲಿ ಮೀಟರ್ ಗೇಜ್ ಗಾಡಿಯಿಂದ ಟ್ರಂಕು ಹೊತ್ತು ಇಳಿದು ಬ್ರಾಡ್ ಗೇಜ್ ಗಾಡಿಗೆ ಹತ್ತಿದವರು ಅವರು. ಸ್ಪೇನ್–ಫ್ರಾನ್ಸ್ ಗಡಿಯ ಮೀರಜ್ ಎಂದರೆ ಎರಡು ಪುಟ್ಟ ಊರು, ಸ್ಪೇನ್ ಕಡೆ ಪೋರ್ಟ್‌ಬೊ, ಫ್ರಾನ್ಸ್ ಕಡೆ ಸೆರ್ಬೇರ್. ಸ್ಪೇನಿನಿಂದ ಬಂದ ಕಿತ್ತಳೆಯನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಸುರಿಯಲು ಸೆರ್ಬೇರ್‌ನಲ್ಲಿ ಹೆಂಗಸರಿದ್ದರು. ಬುಟ್ಟಿ ಹೊತ್ತು, ದಿನವಿಡೀ. 1906ರಲ್ಲಿ ಅವರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದರು.

ಒಂದು ದಿನ ಬಿಡುವಿದ್ದರೆ, ಬರುವಾಗ ಟಿಜಿವಿ ಬಿಟ್ಟು ಬಾರ್ಸಿಲೋನಾದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಸೆರ್ಬೇರ್‌ವರೆಗೆ ಹೋಗಿ. ಸ್ಪೇನಿನ ಅಗಲ ಹಳಿ ಗಡಿ ದಾಟಿ ಅಲ್ಲಿಗೇ ಮುಗಿಯುತ್ತದೆ. ಅಲ್ಲಿ ಇಳಿದು ಪಕ್ಕದ ಫ್ರೆಂಚ್ ಲೋಕಲ್ ಹತ್ತಿದರೆ, ಬೆಟ್ಟ ಸಮುದ್ರಗಳ ನಡುವೆ ಮುಕ್ಕಾಲು ಗಂಟೆಯಲ್ಲಿ ಪರ್ಪಿನ್ಯಾ. ಈ ಎರಡು ಗಾಡಿಗೂ ರಿಸರ್ವೇಶನ್ ಇಲ್ಲ, ಕೋಟಾ ಇಲ್ಲ. ಹೌದು, ಇಲ್ಲಿ ನಿಮ್ಮ ಪಾಸ್ ನಡೆಯುತ್ತದೆ. ಆದರೆ ಇಷ್ಟಕ್ಕೋಸ್ಕರ ಪಾಸ್ ಕೊಳ್ಳಲು ಹೋಗಬೇಡಿ, ಸ್ಟೇಷನ್ನಿನಲ್ಲೇ ಟಿಕೆಟ್ ಸಿಗುತ್ತದೆ.