ತೂಕ ಇಳಿಯದಿದ್ದರೂ ನಡಿಗೆ ಬಿಡಬೇಡಿ

ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರ ಬಾಯಲ್ಲಿ ಒಂದು ದೂರು ಇದ್ದೇ ಇರುತ್ತದೆ: "ಮೂರು ತಿಂಗ್ಳಾತು ನೋಡ್ರಿ, ಒಂದ್ ಕೆಜಿನೂ ಇಳ್ದಿಲ್ಲ." ಹೀಗೆ ಬೇಸತ್ತವರು ವಾಕಿಂಗ್ ನಿಲ್ಲಿಸಿ ಯಾವುದೋ ಪುಡಿಯನ್ನೋ ಕ್ಯಾಪ್ಸೂಲನ್ನೋ ನಂಬಿ ಕೂತರೆ ಹೃದಯಕ್ಕೆ ದೊಡ್ಡ ನಷ್ಟ.

ಹೃದಯಕ್ಕೆ ಹೆಚ್ಚು ಕಂಟಕ ತರುವುದು ಚರ್ಮದಡಿಯ ಕೊಬ್ಬಲ್ಲ, ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಕೂತ ಕೊಬ್ಬು. ಅದರಿಂದ ಹೊರಟ ಕೊಬ್ಬಿನಾಮ್ಲ ಯಕೃತ್ತಿಗೆ ಹೋಗಿ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಅದೇ ಕೊಬ್ಬು ಸುರಿಸುವ, ಉರಿಯೂತ ಹುಟ್ಟಿಸುವ ರಾಸಾಯನಿಕಗಳು ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಬಿರುಸಾಗಿ ನಡೆಯುತ್ತಾ ಬಂದರೆ ಮೊದಲು ಕರಗತೊಡಗುವುದು ಈ ಒಳಗೊಬ್ಬೇ; ತೂಕದ ಯಂತ್ರಕ್ಕೆ ಅದು ಗೊತ್ತೇ ಆಗದಿರಬಹುದು. ನಡೆಯುವಾಗ ರಕ್ತ ರಭಸದಿಂದ ಹರಿದು, ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುತ್ತದೆ. ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಹೀರಿಕೊಳ್ಳುತ್ತವೆ. ಆದ್ದರಿಂದ ಸೊಂಟದ ಸುತ್ತಳತೆ ನೋಡಿ: ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ.

ಇದಕ್ಕೆ ಹಳೆಯ ಪುರಾವೆಯೂ ಇದೆ. ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲಿ ಲಂಡನ್ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆ. ಡ್ರೈವರ್‌ಗಳು ದಪ್ಪಗಿದ್ದುದೇ ಕಾರಣವೇ? ಸಮವಸ್ತ್ರದ ಪ್ಯಾಂಟಿನ ಸೊಂಟದಳತೆ ತರಿಸಿ ನೋಡಿದರು. ದಪ್ಪಗಿದ್ದ ಕಂಡಕ್ಟರ್‌ಗಳಿಗೂ ರಕ್ಷಣೆ ಸಿಕ್ಕಿತ್ತು! ನನಗೆ ಇದಕ್ಕಿಂತ ಧೈರ್ಯ ತುಂಬುವ ಸಂಗತಿ ಬೇರೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು ಸಾಕು.

ಹಾಗಾದರೆ ಪುಡಿ, ಕ್ಯಾಪ್ಸೂಲು? ನಮ್ಮ ಸೀಮೆಯ ಅಗಸೆ ಚಟ್ನಿ ಪುಡಿಯನ್ನೇ ತೆಗೆದುಕೊಳ್ಳಿ. ಅಗಸೆಯನ್ನು ಚಟಪಟ ಸಿಡಿಯುವತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಜೋಡಿ. ಕುಟ್ಟುವುದು ಮುಖ್ಯ, ಇಡೀ ಕಾಳು ಜೀರ್ಣವಾಗದೆ ಹಾಗೇ ಹೊರಬೀಳುತ್ತದೆ. ಅಗಸೆಯ ಲೋಳೆ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಮೆಂತ್ಯದ ನಾರೂ ಹೀಗೆಯೇ. ಅಗಸೆಯ ಒಮೆಗಾ-3 ಎಂಬ ಕೊಬ್ಬಿನಾಮ್ಲ ಮಾತ್ರ ಮೀನೆಣ್ಣೆಯಲ್ಲಿರುವ ಬಗೆಯದ್ದಲ್ಲ, ದೇಹ ಅದನ್ನು ಆ ರೂಪಕ್ಕೆ ತಿರುಗಿಸುವುದು ತೀರಾ ಸ್ವಲ್ಪ. ಮೀನೆಣ್ಣೆಯ ಕ್ಯಾಪ್ಸೂಲಾದರೂ ಪವಾಡ ಮಾಡಲಿಲ್ಲ: 25,871 ಅಮೆರಿಕನ್ನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ 'ವೈಟಲ್' ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಗಮನಾರ್ಹವಾಗಿ ತಗ್ಗಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಬೆಳ್ಳುಳ್ಳಿ ಅಥವಾ ಮೀನೆಣ್ಣೆಯ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಆ ಡಬ್ಬಿಯನ್ನು ಡಾಕ್ಟರಿಗೆ ತೋರಿಸಲೇಬೇಕು. ನಡೆಯುವಾಗ ಎದೆ ಬಿಗಿದಂತಾದರೆ ಅಲ್ಲೇ ನಿಂತುಬಿಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.