ಆಂಟಿವೈರಸ್ ತಾನಾಗಿ ಆಫ್ ಆಗುತ್ತಿದೆಯಾ? ಆಫ್ ಮಾಡುತ್ತಿರುವುದು ಯಾರು ನೋಡಿ

"ಆನ್ ಮಾಡ್ತೀನಿ, ಸ್ವಲ್ಪ ಹೊತ್ತಿಗೆ ನೋಡಿದ್ರೆ ಮತ್ತೆ ಆಫ್." ಈ ದೂರು ಹೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು, ಯಾವಾಗ ಆಫ್ ಆಗುತ್ತದೆ ಅಂತ. ರೀಸ್ಟಾರ್ಟ್ ಆದ ಮೇಲಾ? ಆನ್ ಮಾಡಿದ ಮರುಕ್ಷಣವಾ? ಕೆಲಸದ ನಡುವೆ ಯಾವಾಗಲೋ ಒಮ್ಮೆಯಾ? ಸುಮಾರು ಜನ ಗಮನಿಸಿರುವುದೇ ಇಲ್ಲ. ಕೆಂಪು ಗುರುತು ಕಂಡಿದೆ, ಆನ್ ಒತ್ತಿದ್ದಾರೆ, ಮುಂದೆ ಹೋಗಿದ್ದಾರೆ. ಆದರೆ ಅರ್ಧ ಉತ್ತರ ಈ 'ಯಾವಾಗ'ದಲ್ಲೇ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಬಗ್ಗೆ. ಅದರ ರಿಯಲ್-ಟೈಮ್ ಪ್ರೊಟೆಕ್ಷನ್ (ಫೈಲುಗಳನ್ನು ತೆರೆಯುವಾಗಲೇ ಪರೀಕ್ಷಿಸುವ ಕಾವಲು) ಅನ್ನು ನೀವೇ ಕೈಯಾರೆ ಆಫ್ ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆನ್ ಆಗುತ್ತದೆ. ಸ್ವಿಚ್ಚಿನ ಪಕ್ಕದಲ್ಲೇ ಹಾಗಂತ ಬರೆದಿದೆ, ನಾವು ಓದುವುದಿಲ್ಲ ಅಷ್ಟೇ. ಅಂದರೆ ತಾನಾಗಿ ಆನ್ ಆಗುವುದು ಅದರ ಗುಣ, ಆಫ್ ಆಗುವುದಲ್ಲ. ಪದೇ ಪದೇ ಆಫ್ ಆಗುತ್ತಿದೆ ಎಂದರೆ ಸಾಮಾನ್ಯವಾಗಿ ಯಾರೋ, ಇಲ್ಲವೇ ಯಾವುದೋ ಪ್ರೋಗ್ರಾಮ್, ಆಫ್ ಮಾಡುತ್ತಿರಬೇಕು. ಅವರು ಯಾರು ಅಂತ ಗೊತ್ತಾಗುವವರೆಗೆ ಸ್ವಿಚ್ ಒತ್ತುತ್ತಾ ಕೂರುವುದು ದಂಡ.

ಮೊದಲು ನಿಜವಾಗಿಯೂ ಆಫ್ ಆಗಿದೆಯಾ ನೋಡಿಕೊಳ್ಳಿ. ಟಾಸ್ಕ್‌ಬಾರಿನ ಗುರಾಣಿ ಚಿತ್ರದ ಮೇಲೆ ಹಳದಿ ತ್ರಿಕೋನ ಬಂದರೆ ಎಷ್ಟೋ ಜನ ಆಂಟಿವೈರಸ್ಸೇ ಹೋಯಿತು ಅಂದುಕೊಳ್ಳುತ್ತಾರೆ. ಅದು ಬರೀ ಆಟೋಮ್ಯಾಟಿಕ್ ಸ್ಯಾಂಪಲ್ ಸಬ್‌ಮಿಷನ್ (ಅನುಮಾನದ ಫೈಲುಗಳನ್ನು ಮೈಕ್ರೋಸಾಫ್ಟ್‌ಗೆ ಕಳಿಸುವ ಸೌಲಭ್ಯ) ಆಫ್ ಇದೆ ಎಂಬ ಸೂಚನೆಯೂ ಆಗಿರಬಹುದು. ಕೆಲವೊಮ್ಮೆ ಎಚ್ಚರಿಕೆಯೇ ತಪ್ಪು. 2023ರ ಮಾರ್ಚ್‌ನಲ್ಲಿ ಡಿಫೆಂಡರಿನ ಒಂದು ಅಪ್‌ಡೇಟ್ ಬಂದ ಮೇಲೆ ಲೋಕಲ್ ಸೆಕ್ಯುರಿಟಿ ಅಥಾರಿಟಿ ಪ್ರೊಟೆಕ್ಷನ್ (ಲಾಗಿನ್ ಗುಟ್ಟುಗಳನ್ನು ಕಾಯುವ ಬೇರೊಂದು ರಕ್ಷಣೆ) ಆನ್ ಇದ್ದರೂ ಆಫ್ ಇದೆ ಎಂದು ವಿಂಡೋಸ್ ತೋರಿಸುತ್ತಿತ್ತು, ಜನ ಆನ್ ಮಾಡಿ ರೀಸ್ಟಾರ್ಟ್ ಮಾಡಿ ಮತ್ತೆ ಆನ್ ಮಾಡಿ ಸುಸ್ತಾದರು.

ನಿಜವಾಗಿಯೂ ಆಫ್ ಆಗಿದ್ದರೆ, ಕಂಪ್ಯೂಟರಿನಲ್ಲಿ ಇನ್ನೊಂದು ಆಂಟಿವೈರಸ್ ಇದೆಯಾ? ಬೇರೆ ಆಂಟಿವೈರಸ್ ಬಂದು ವಿಂಡೋಸ್ ಸೆಕ್ಯುರಿಟಿ ಸೆಂಟರಿನಲ್ಲಿ (ಯಾವ ಆಂಟಿವೈರಸ್ ಇದೆ ಎಂದು ವಿಂಡೋಸ್ ಲೆಕ್ಕ ಇಡುವ ಜಾಗ) ಹೆಸರು ನೋಂದಾಯಿಸಿಕೊಂಡರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಇದು ದೋಷವಲ್ಲ, ಮಾಡಿರುವುದೇ ಹಾಗೆ. ಎರಡೂ ಒಂದೇ ಫೈಲಿಗೆ ಕೈ ಹಾಕಿದರೆ ಕಂಪ್ಯೂಟರ್ ತೆವಳುತ್ತದೆ. ತೊಂದರೆ ಬರುವುದು ಅರೆಬರೆ ತೆಗೆದಾಗ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಮುಗಿದಿರುತ್ತದೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿರುತ್ತಾರೆ, ಆದರೆ ಅದರ ನೋಂದಣಿ ಮಾತ್ರ ಒಳಗೆ ಉಳಿದುಬಿಟ್ಟಿರುತ್ತದೆ, ವಿಂಡೋಸ್ ಅದನ್ನು ನಂಬಿಕೊಂಡು ಡಿಫೆಂಡರನ್ನು ಪಕ್ಕಕ್ಕೆ ಕೂರಿಸಿರುತ್ತದೆ. ವಿಂಡೋಸ್ ಸೆಕ್ಯುರಿಟಿ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ಎಂಬ ಕೊಂಡಿ ಇದೆ, ಒತ್ತಿ ನೋಡಿ. ತೆಗೆದು ಹಾಕಿದ ಆಂಟಿವೈರಸ್ಸಿನ ಹೆಸರು ಅಲ್ಲಿ ಇನ್ನೂ ಇದ್ದರೆ ಕಳ್ಳ ಸಿಕ್ಕ ಹಾಗೆಯೇ. ಅದನ್ನು ತಯಾರಿಸಿದ ಕಂಪನಿಯದೇ ರಿಮೂವಲ್ ಟೂಲ್ ಇಳಿಸಿಕೊಂಡು ಓಡಿಸಿ, ರೀಸ್ಟಾರ್ಟ್ ಮಾಡಿ. ಈ ನೋಂದಣಿಯ ವ್ಯವಸ್ಥೆಯನ್ನು ದುರುಪಯೋಗ ಮಾಡಿಕೊಳ್ಳಲೂ ಬಹುದು. ಇಲ್ಲದ ಆಂಟಿವೈರಸ್ಸನ್ನು ಇದೆ ಎಂದು ನೋಂದಾಯಿಸಿ ಡಿಫೆಂಡರನ್ನು ಮಲಗಿಸುವ ಒಂದು ಟೂಲ್ 2025ರಲ್ಲಿ ಹೊರಬಂತು. ಹಾಗಾಗಿ ನೀವು ಯಾವತ್ತೂ ಹಾಕಿರದ ಹೆಸರು ಕಂಡರೆ ಹಗುರವಾಗಿ ತಗೋಬೇಡಿ.

ಸ್ವಿಚ್ ಬೂದು ಬಣ್ಣಕ್ಕೆ ತಿರುಗಿ, ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ಕೈಯಲ್ಲಿದೆ ಎಂದು ತೋರಿಸಿದರೆ? ಆಫೀಸಿನ ಕಂಪ್ಯೂಟರ್ ಆದರೆ ಐಟಿಯವರನ್ನು ಕೇಳಿ, ಅಲ್ಲಿಗೆ ಮುಗಿಯಿತು. ಸ್ವಂತ ಕಂಪ್ಯೂಟರಿನಲ್ಲೂ ಇದೇ ಕಂಡರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ ಒಳಗೆ ಆಕ್ಸೆಸ್ ವರ್ಕ್ ಆರ್ ಸ್ಕೂಲ್ ತೆರೆದು ಹಳೆಯ ಕೆಲಸದ ಖಾತೆ ಏನಾದರೂ ಅಂಟಿಕೊಂಡಿದೆಯಾ ನೋಡಿ. ಅದೂ ಇಲ್ಲವೆಂದರೆ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಕಡತ) ಯಾರೋ ಪಾಲಿಸಿ, ಅಂದರೆ ಸ್ವಿಚ್ಚಿಗೂ ಮೇಲಿನ ನಿಯಮ, ಬರೆದಿದ್ದಾರೆ. 'ಕಂಪ್ಯೂಟರ್ ಸ್ಪೀಡ್ ಮಾಡುತ್ತೇವೆ' ಎನ್ನುವ ಟ್ವೀಕ್ ಸ್ಕ್ರಿಪ್ಟ್‌ಗಳು ಈ ಕೆಲಸವನ್ನು ಧಾರಾಳವಾಗಿ ಮಾಡುತ್ತವೆ.

ಇಷ್ಟರಲ್ಲಿ ಗೊತ್ತಾಗದಿದ್ದರೆ ನಾನು ಹೋಗುವುದು ಈವೆಂಟ್ ವ್ಯೂವರ್‌ಗೆ, ಅಂದರೆ ವಿಂಡೋಸಿನಲ್ಲಿ ನಡೆದದ್ದೆಲ್ಲ ದಾಖಲಾಗುವ ದಿನಚರಿಗೆ. ಹೆಸರು ಕೇಳಿ ಹೆದರಬೇಡಿ. ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಕೊನೆಗೆ ಆಪರೇಷನಲ್. ಅಲ್ಲಿ ಕೆಲವು ನಂಬರುಗಳು ಗೊತ್ತಿದ್ದರೆ ಸಾಕು. 5001 ಎಂದರೆ ರಿಯಲ್-ಟೈಮ್ ರಕ್ಷಣೆ ಆಫ್ ಆಯಿತು. 5007 ಎಂದರೆ ಯಾವುದೋ ಸೆಟ್ಟಿಂಗ್ ಬದಲಾಯಿತು. 5013 ಎಂದರೆ ಯಾರೋ ಬದಲಾಯಿಸಲು ನೋಡಿದರು, ಟ್ಯಾಂಪರ್ ಪ್ರೊಟೆಕ್ಷನ್ (ಡಿಫೆಂಡರಿನ ಸೆಟ್ಟಿಂಗುಗಳನ್ನು ಕಾಯುವ ಸೌಲಭ್ಯ) ತಡೆಯಿತು. 1116 ಎಂದರೆ ಮಾಲ್‌ವೇರ್ (ವೈರಸ್‌ನಂಥ ಹಾನಿಕಾರಕ ಪ್ರೋಗ್ರಾಮ್) ಕಣ್ಣಿಗೆ ಬಿತ್ತು.

5001ರ ಪಕ್ಕದಲ್ಲಿರುವ ಸಮಯವನ್ನು ಬರೆದಿಟ್ಟುಕೊಳ್ಳಿ. ಲಾಗಿನ್ ಆದ ಕೆಲವೇ ಸೆಕೆಂಡಿನಲ್ಲಿ, ಪ್ರತಿ ಸಲ, ಒಂದೇ ರೀತಿ ಬರುತ್ತಿದ್ದರೆ ಅದು ಮನುಷ್ಯರ ಕೆಲಸವಲ್ಲ. ಸ್ಟಾರ್ಟಪ್ ಪಟ್ಟಿಯನ್ನೂ ಟಾಸ್ಕ್ ಶೆಡ್ಯೂಲರನ್ನೂ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸ್ ಟೂಲ್) ತೆರೆದು, ಅದೇ ಹೊತ್ತಿಗೆ ಓಡುವ, ಅರ್ಥವಿಲ್ಲದ ಹೆಸರಿನ, ಟೆಂಪ್ ಅಥವಾ ಆಪ್‌ಡೇಟಾ ಫೋಲ್ಡರಿನಿಂದ ಏನನ್ನೋ ಎಬ್ಬಿಸುವ ಟಾಸ್ಕ್ ಇದೆಯಾ ಹುಡುಕಿ. ಇನ್ನು 5007 ತೆರೆದರೆ ಹಳೆಯ ಮೌಲ್ಯ, ಹೊಸ ಮೌಲ್ಯ ಎರಡೂ ಕಾಣುತ್ತವೆ. ಎಲ್ಲಾ 5007ಕ್ಕೂ ಗಾಬರಿ ಬೇಡ, ಮಾಮೂಲಿ ಅಪ್‌ಡೇಟಿಗೂ ಅದು ಬರುತ್ತದೆ. ನಿಮ್ಮ ಕಣ್ಣು ಹುಡುಕಬೇಕಾದದ್ದು ಹೊಸ ಮೌಲ್ಯದ ಸಾಲಿನಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಮಾತು, ಅಂದರೆ ಆಂಟಿವೈರಸ್ ಪರೀಕ್ಷಿಸದೆ ಬಿಡಬೇಕಾದವುಗಳ ಪಟ್ಟಿ.

ಯಾಕೆಂದರೆ ನನ್ನ ಪ್ರಕಾರ ಆಫ್ ಆಗಿರುವ ಆಂಟಿವೈರಸ್‌ಗಿಂತ, ಆನ್ ಇದ್ದೂ ಕುರುಡಾಗಿರುವ ಆಂಟಿವೈರಸ್ ಜಾಸ್ತಿ ಅಪಾಯ. ಅಡ್ಮಿನ್ ಹಕ್ಕು ಸಿಕ್ಕ ಮಾಲ್‌ವೇರ್ ಸ್ವಿಚ್ ಮುಟ್ಟುವ ಗೋಜಿಗೇ ಹೋಗದೆ, ಇಡೀ ಸಿ ಡ್ರೈವನ್ನು ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿಬಿಡಬಹುದು. ಹಸಿರು ಟಿಕ್ ಹಾಗೇ ಇರುತ್ತದೆ, ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ, ನೀವು ನಿಶ್ಚಿಂತೆಯಾಗಿರುತ್ತೀರಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ಈ ಪಟ್ಟಿ ಇದೆ. ನೀವು ಸೇರಿಸದ್ದು ಅಲ್ಲಿ ಏನೇ ಇದ್ದರೂ ತೆಗೆಯಿರಿ.

ಮಾಲ್‌ವೇರ್ ಗುಮಾನಿ ಬಂದ ಕೇಸುಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇತ್ತೀಚೆಗೆ ಕ್ರ್ಯಾಕ್ ಅಥವಾ ಆಕ್ಟಿವೇಟರ್ (ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸಲು ಹಾಕುವ ಟೂಲ್) ಏನಾದರೂ ಹಾಕಿದ್ರಾ? ಇವುಗಳ ಜೊತೆ ಬರುವ ಸೂಚನೆಯ ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಅಂತ ಇರುತ್ತದೆ, ಅಲ್ವಾ? ಹಾಗೆ ನಾವೇ ಬಾಗಿಲು ತೆಗೆದು ಒಳಗೆ ಕರೆದುಕೊಂಡರೆ ಟ್ಯಾಂಪರ್ ಪ್ರೊಟೆಕ್ಷನ್ ಕೂಡ ಕೈಕಟ್ಟಿ ನಿಲ್ಲುತ್ತದೆ. 2019ರಲ್ಲಿ ಬಂದ ಈ ಸೌಲಭ್ಯ ಬೇರೆ ಪ್ರೋಗ್ರಾಮುಗಳು ರಿಜಿಸ್ಟ್ರಿ ಮೂಲಕವೋ ಕಮಾಂಡ್ ಮೂಲಕವೋ ಡಿಫೆಂಡರನ್ನು ಆಫ್ ಮಾಡುವುದನ್ನು ತಡೆಯುತ್ತದೆ. ನೀವೇ ವಿಂಡೋಸ್ ಸೆಕ್ಯುರಿಟಿಗೆ ಹೋಗಿ ಆಫ್ ಮಾಡಿದರೆ ತಡೆಯುವುದಿಲ್ಲ. ಅದೂ ಆಫ್ ಇದ್ದರೆ ಮೊದಲು ಆನ್ ಮಾಡಿ.

ಆಮೇಲೆ ಆಫ್‌ಲೈನ್ ಸ್ಕ್ಯಾನ್. ಸ್ಕ್ಯಾನ್ ಆಪ್ಷನ್ಸ್‌ನಲ್ಲೇ ಇದೆ. ತೆರೆದಿಟ್ಟ ಕೆಲಸ ಸೇವ್ ಮಾಡಿ ಶುರು ಮಾಡಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಮಾಲ್‌ವೇರ್ ಇನ್ನೂ ಎದ್ದಿರುವುದಿಲ್ಲವಾದ್ದರಿಂದ ಅದಕ್ಕೆ ಸ್ವಿಚ್ ಆಫ್ ಮಾಡುವ ಅವಕಾಶ ಇರುವುದಿಲ್ಲ. ಏನು ಸಿಕ್ಕಿತು ಅಂತ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ನೋಡಬಹುದು. ಅಲ್ಲಿ ಏನೂ ಸಿಗದೆ, ಲಾಗಿನಲ್ಲೂ ಅನುಮಾನದ್ದು ಏನೂ ಇಲ್ಲದಿದ್ದರೆ ವಿಂಡೋಸಿನ ಫೈಲುಗಳೇ ಕೆಟ್ಟಿರಬಹುದು. ಆಗ ಕೆಟ್ಟ ಫೈಲುಗಳನ್ನು ಸರಿಪಡಿಸುವ ಡಿಸ್ಮ್ (DISM) ಮತ್ತು ಎಸ್‌ಎಫ್‌ಸಿ (SFC) ಕಮಾಂಡುಗಳು ಕೆಲಸಕ್ಕೆ ಬರುತ್ತವೆ.

ಆಫ್‌ಲೈನ್ ಸ್ಕ್ಯಾನ್ ಏನನ್ನೋ ಹಿಡಿದು ತೆಗೆದ ಮೇಲೂ 5001 ಮತ್ತೆ ಬಂತು ಎಂದರೆ ನಾನು ಮುಂದೆ ಹುಡುಕುವುದಿಲ್ಲ. ಇಂಟರ್‌ನೆಟ್ ತೆಗೆದು, ಬೇಕಾದ ಫೋಟೊ, ದಾಖಲೆಗಳನ್ನಷ್ಟೇ ಹೊರಗೆ ತೆಗೆದಿಟ್ಟು (ಇನ್‌ಸ್ಟಾಲರ್ ಫೈಲುಗಳು ಬೇಡ), ವಿಂಡೋಸನ್ನು ಹೊಸದಾಗಿ ಹಾಕುತ್ತೇನೆ. ಅದು ಮುಗಿಯುವುದರೊಳಗೆ ನೀವು ಬೇರೆ ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿ. ಇಮೇಲ್ ಮೊದಲು, ಬೇರೆ ಖಾತೆಗಳ ಪಾಸ್‌ವರ್ಡ್ ರೀಸೆಟ್ ಆಗುವುದು ಅದರ ಮೂಲಕವೇ.