ವಕೀಲರನ್ನು ಹಿಡಿಯಲೂ ಬಿಡದ ಕಾನೂನು, ವಕೀಲರಿಗೇ ಈಗ ಪಾಠ

2023ರ ಫೆಬ್ರವರಿಯಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ವಕೀಲರು ತಮ್ಮ ಓದಿನ ಬಗ್ಗೆಯೇ ಮತ ಹಾಕಿದರು. ಅಲ್ಲಿನ ಲಾ ಸೊಸೈಟಿ ನಮ್ಮ ಬಾರ್ ಕೌನ್ಸಿಲ್ ಇದ್ದಂತೆ. ಮೂಲನಿವಾಸಿಗಳ ಇತಿಹಾಸ ಹೇಳುವ 'ದಿ ಪಾತ್' ಎಂಬ ಆನ್‌ಲೈನ್ ಕೋರ್ಸನ್ನು ಅದು ಕಡ್ಡಾಯ ಮಾಡಿತ್ತು. ಮುಗಿಸದಿದ್ದರೆ ಸನ್ನದು ಅಮಾನತು. ಹೀಗೆ ಕಡ್ಡಾಯ ಮಾಡುವ ನಿಯಮವನ್ನೇ ತೆಗೆದುಹಾಕಿ ಎಂದು ಕೆಲವರು ಗೊತ್ತುವಳಿ ತಂದರು. ಇದು ವೃತ್ತಿಶಿಕ್ಷಣವಲ್ಲ, ರಾಜಕೀಯ ಬೋಧನೆ ಎಂಬುದು ಅವರ ತಕರಾರು. ಪರ 864, ವಿರುದ್ಧ 2,609 ಮತ ಬಿದ್ದು ಗೊತ್ತುವಳಿ ಸೋತಿತು.

ರಾಜಕೀಯ ಇದೆ ಎನ್ನುವುದು ಸುಳ್ಳಲ್ಲ. ಆದರೆ ಅದನ್ನು ವೃತ್ತಿಯೊಳಕ್ಕೆ ತಂದದ್ದು ಈ ಕೋರ್ಸ್ ಅಲ್ಲ. ಮೂಲನಿವಾಸಿಗಳನ್ನು 'ಇಂಡಿಯನ್' ಎಂದು ಕರೆದ 1876ರ ಇಂಡಿಯನ್ ಆಕ್ಟ್ ಪ್ರಕಾರ ಮೂಲನಿವಾಸಿಯೊಬ್ಬ ವಕೀಲನಾದರೆ ಅವನ 'ಇಂಡಿಯನ್' ಸ್ಥಾನಮಾನ ತಾನಾಗಿಯೇ ರದ್ದಾಗುತ್ತಿತ್ತು. ಕೋಟು ಬೇಕೋ, ಕುಲ ಬೇಕೋ? 1880ರಲ್ಲಿ ಈ ಬಲವಂತ ಸಡಿಲವಾಯಿತು, ಬೇರೆ ಬಾಗಿಲುಗಳು ಮುಚ್ಚಿದವು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವಕೀಲನಾಗಲು ಮತದಾರನಾಗುವ ಅರ್ಹತೆ ಇರಬೇಕಿತ್ತು. ಮೂಲನಿವಾಸಿಗಳಿಗೆ ಅಲ್ಲಿ ಪ್ರಾಂತೀಯ ಮತದ ಹಕ್ಕು ಬಂದದ್ದು 1949ರಲ್ಲಿ. (ಅಲ್ಲಿ ನೆಲೆಸಿದ್ದ ಭಾರತೀಯರೂ 1947ರವರೆಗೆ ಇದೇ ಸಾಲಿನಲ್ಲಿ ಹೊರಗೆ ನಿಂತಿದ್ದರು.)

ಎಲ್ಲಕ್ಕಿಂತ ಕೆಟ್ಟದ್ದು ಇಂಡಿಯನ್ ಆಕ್ಟ್‌ನ 1927ರ ತಿದ್ದುಪಡಿ. ಭೂಮಿಯ ಹಕ್ಕಿಗಾಗಿ ದಾವೆ ಹೂಡಲು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಮೂಲನಿವಾಸಿಗಳಿಂದ ಹಣ ಪಡೆಯುವುದೇ ಅಪರಾಧವಾಯಿತು. 50ರಿಂದ 200 ಡಾಲರ್ ದಂಡ, ಇಲ್ಲವೇ ಎರಡು ತಿಂಗಳವರೆಗೆ ಜೈಲು. ಫೀಸು ಪಡೆದ ವಕೀಲನೂ ಅಪರಾಧಿಯೇ. ಪ್ರತಿವಾದಿಯ ಅಪ್ಪಣೆ ಪಡೆದು ವಾದಿ ವಕೀಲರನ್ನು ಹಿಡಿಯಬೇಕಿತ್ತು ಎಂದಾಯಿತು. 1951ರವರೆಗೆ ಇದೇ ಕಾನೂನು.

ಬಾಗಿಲು ತೆರೆದ ಮೇಲೂ ಕಿವಿ ತೆರೆಯಲಿಲ್ಲ. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಎಂಬ ಮೂಲನಿವಾಸಿ ಜನ ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು ಹೂಡಿದ ಡೆಲ್ಗಮೂಕ್ ಮೊಕದ್ದಮೆಯ ವಿಚಾರಣೆ 374 ದಿನ ನಡೆಯಿತು. ಅವರಲ್ಲಿ ನೆಲದ ಹಕ್ಕಿನ ದಾಖಲೆ ಇರುವುದು ಕಾಗದದಲ್ಲಲ್ಲ, ಮನೆತನಗಳು ಕಾಪಾಡಿಕೊಂಡು ಬಂದ ಕಥನ ಮತ್ತು ಹಾಡುಗಳಲ್ಲಿ. ಹಿರಿಯಾಕೆ ಮೇರಿ ಜಾನ್ಸನ್ ಸಾಕ್ಷಿ ಕಟ್ಟೆಯಲ್ಲಿ ಹಾಡಲು ಮುಂದಾದಾಗ ನ್ಯಾಯಾಧೀಶ ಅಲನ್ ಮೆಕೆಕರ್ನ್, ಪದಗಳನ್ನು ಬರೆದುಕೊಟ್ಟರೆ ಸಾಲದೇ, ತನಗೆ ಸಂಗೀತದ ಕಿವಿಯಿಲ್ಲ ಎಂದರು. ಆಕೆ ಹಾಡಿದರು. 1991ರ ತೀರ್ಪಿನಲ್ಲಿ ದಾವೆ ಬಿತ್ತು. ಮೌಖಿಕ ಇತಿಹಾಸಕ್ಕೂ ಸಾಕ್ಷ್ಯದ ತೂಕ ಕೊಡಬೇಕೆಂದು 1997ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಅಂದಮೇಲೆ ಕಕ್ಷಿದಾರರ ಪರಂಪರೆ ಗೊತ್ತಿಲ್ಲದ ವಕೀಲನಿಗೆ ಸಾಕ್ಷ್ಯ ಯಾವುದೆಂದೇ ಗೊತ್ತಾಗದು. ಇದು ಸೌಜನ್ಯದ ಪ್ರಶ್ನೆಯಲ್ಲ, ಕಸುಬಿನದು.

ಕಡ್ಡಾಯದ ಮಾತು ಹುಟ್ಟಿದ್ದು 2015ರಲ್ಲಿ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸಿದ ವಸತಿ ಶಾಲೆಗಳ ಬಗ್ಗೆ ತನಿಖೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗ 94 ಶಿಫಾರಸು ಕೊಟ್ಟಿತು. ಅಧ್ಯಕ್ಷ ಮರ್ರೆ ಸಿಂಕ್ಲೇರ್ ಮ್ಯಾನಿಟೋಬಾದ ಮೊದಲ ಮೂಲನಿವಾಸಿ ನ್ಯಾಯಾಧೀಶರು. 27ನೇ ಶಿಫಾರಸು ವಕೀಲರಿಗೆ, 28ನೆಯದು ಕಾನೂನು ಕಾಲೇಜುಗಳಿಗೆ: ವಸತಿ ಶಾಲೆಗಳ ಚರಿತ್ರೆ, ಒಪ್ಪಂದಗಳು, ಮೂಲನಿವಾಸಿಗಳ ಹಕ್ಕು ಮತ್ತು ಅವರದೇ ಕಾನೂನು ಕಲಿಸಿ ಎಂದು.

ಬ್ರಿಟಿಷ್ ಕೊಲಂಬಿಯಾ 2022ರಿಂದ ಆರು ಗಂಟೆಗಳ ಕೋರ್ಸ್ ಕಡ್ಡಾಯ ಮಾಡಿತು. ಅಲ್ಲಿನ ಕ್ಯಾಮ್‌ಲೂಪ್ಸ್ ವಸತಿ ಶಾಲೆಯ ಆವರಣದಲ್ಲಿ ಇರಬಹುದೆನ್ನಲಾದ ಗುರುತಿಲ್ಲದ ಸಮಾಧಿಗಳ ಬಗ್ಗೆ ಪಠ್ಯ ಬಳಸಿದ ಮಾತನ್ನು ತಿದ್ದಬೇಕೆಂದು 2024ರಲ್ಲಿ ಅಲ್ಲೂ ಗೊತ್ತುವಳಿ ಬಂತು, ಸ್ವಲ್ಪದರಲ್ಲೇ ಸೋತಿತು. ಪಠ್ಯದ ತಪ್ಪು ಎತ್ತಿ ತೋರಿಸುವುದು ವಕೀಲರ ಕೆಲಸವೇ. ಅದನ್ನು ದ್ವೇಷವೆಂದು ತಳ್ಳಿಹಾಕಬೇಕಿಲ್ಲ. ನನಗೆ ಕೊರತೆ ಕಾಣುವುದು ಆ ಆರು ಗಂಟೆಯಲ್ಲಿ. ಇಷ್ಟರಲ್ಲಿ ತಿಳಿಯುವುದು ಅನ್ಯಾಯದ ಪಟ್ಟಿ ಮಾತ್ರ. ಆ ಜನರ ಕಾನೂನು ಹೇಗೆ ನಡೆಯುತ್ತದೆ ಎಂಬುದು ತಿಳಿಯದು. ವಿಕ್ಟೋರಿಯಾ ವಿಶ್ವವಿದ್ಯಾಲಯ 2018ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಜೋಡಿ ಪದವಿಯಲ್ಲಿ ಕೆನಡಾದ ಕಾನೂನಿನ ಜೊತೆಗೆ ಮೂಲನಿವಾಸಿಗಳ ಕಾನೂನೂ ಪರೀಕ್ಷೆಯ ವಿಷಯ. ವಿದ್ಯಾರ್ಥಿಗಳು ಆ ಸಮುದಾಯಗಳೊಳಗೇ ಹೋಗಿ ಹಿರಿಯರಿಂದ ಕಲಿಯಬೇಕು.